ದ್ವೀಪವಾಸಿಗೆ ಆಪ್ತನಾರು?

ದ್ವೀಪವೆಂಬ ಶಬ್ದವನ್ನು ವೈಯಾಕರಣರು ಬಿಡಿಸುವ ರೀತಿಯು ಸ್ವಾರಸ್ಯವಾಗಿದೆ. ಎರಡು ಎಂಬರ್ಥದ ‘ದ್ವಿ’ ಶಬ್ದದ ಮುಂದೆ ನೀರು ಎಂಬರ್ಥದ ‘ಅಪ್’ ಶಬ್ದವು ಬಂದಾಗ ಅದರ ಅಕಾರವು ಈಕಾರವಾಗಿ ಈ ರೂಪವು ಸಿದ್ಧಿಸುತ್ತದೆ; ಎರಡು ಕಡೆಗಳಲ್ಲಿಯೂ ನೀರುಳ್ಳ ನೆಲವೇ ದ್ವೀಪ. ಶಬ್ದವನ್ನು ಬಿಡಿಸಿದವರು ಹೊಳೆಯ ನಡುವಿನ ತಿಟ್ಟನ್ನು ಕಂಡಿದ್ದಿರಬೇಕು, ಮಹಾಸಾಗರದ ದ್ವೀಪವನ್ನಲ್ಲ. ಹೊಳೆಯ ತಿಟ್ಟಿನ ಮೇಲಿರುವವನು ದಡದವನನ್ನು ಕೂಗಿ ಸಮಾಚಾರವನ್ನು ಕೇಳಬಹುದು. ಶಾಂತಸಾಗರದ ಹವಳದ ದ್ವೀಪವೊಂದರಲ್ಲಿರುವವನಿಗೆ ಆ ಭಾಗ್ಯವಿಲ್ಲ. ಕಿರಿಬಾಸ್ ಎಂಬ ರಾಜ್ಯವನ್ನು ನೋಡಬಹುದು. ಅಲ್ಲಿರುವವು 33 ದ್ವೀಪಗಳು. ಜನಸಂಖ್ಯೆಯು ಒಂದು ಲಕ್ಷವನ್ನು ಸ್ವಲ್ಪ ಮೀರಿದೆ. ಆದರೆ ಆ ದ್ವೀಪಗಳು ಚೆದರಿಕೊಂಡಿರುವ ಕಡಲಿನ ವಿಸ್ತಾರವು ಸುಮಾರು 35 ಲಕ್ಷ ಚದರ ಕಿಲೋಮೀಟರುಗಳು, ಎಂದರೆ ಭರತಖಂಡದ ನೆಲಕ್ಕಿಂತ ಹೆಚ್ಚು. ಪಶ್ಚಿಮದ ದ್ವೀಪಗಳಲ್ಲಿ ಒಂದು ವಾರ, ಪೂರ್ವದ ದ್ವೀಪಗಳಲ್ಲಿ ಅದರ ಹಿಂದಿನ ವಾರ ನಡೆಯುತ್ತಿದ್ದ ತೊಡಕನ್ನು ನಿವಾರಿಸಲು 1995ರಲ್ಲಿ ದಿನರೇಖೆಯನ್ನೇ ಆ ಸರ್ಕಾರದವರು ಆಚೆಗೆ ತಳ್ಳಬೇಕಾಯಿತು.

ಇಂತಹ ನೆಲದಲ್ಲಿ ವೃತ್ತಪತ್ರಿಕೆಯೆಂಬುದು ಹಡಗಿನ ದಯೆಯಿಂದ ಬರುವ ವಸ್ತು. ಬರುವ ವೇಳೆಗೆ ವರ್ತಮಾನವು ಇತಿಹಾಸವಾಗಿರುತ್ತದೆ. ಆದುದರಿಂದ ರೇಡಿಯೋ ಅಲ್ಲಿ ವಿನೋದದ ಯಂತ್ರವಾಗಿ ನಿಲ್ಲದೆ ಊರಿನ ಚಾವಡಿಯೂ ಅಂಚೆಯ ಮನೆಯೂ ಆಯಿತು. ಒಂಬತ್ತುನೂರರಷ್ಟು ದ್ವೀಪಗಳಿಗೂ ಎಪ್ಪತ್ತಕ್ಕೆ ಮಿಕ್ಕ ಭಾಷೆಗಳಿಗೂ ನೆಲೆಯಾದ ಸಾಲೊಮನ್ ದ್ವೀಪಗಳಲ್ಲಿ, ದೇಶಕ್ಕೆಲ್ಲ ಸಾಮಾನ್ಯವಾದ ಪಿಜಿನ್ ಭಾಷೆಯಲ್ಲಿ ಬರುವ ವಾರ್ತೆಗಳೊಡನೆ ಇಂತಹವರು ತೀರಿಕೊಂಡರು, ಇಂತಹ ಹಡಗು ಇಂತಹ ದಿನ ಬಂದರಿಗೆ ಬರುತ್ತದೆ, ಇಂತಹವರ ಮಗನು ಆಸ್ಪತ್ರೆಯಿಂದ ಹೊರಟಿದ್ದಾನೆ ಎಂಬ ಖಾಸಗಿ ಸಂದೇಶಗಳನ್ನೂ ಪ್ರಸಾರನಿಲಯದವರು ಓದಿ ಹೇಳುತ್ತ ಬಂದಿದ್ದಾರೆ. ದೂರದರ್ಶಕಗಳೂ ಕೈದೂರವಾಣಿಗಳೂ ಬಂದ ಮೇಲೆ ರಾಜಧಾನಿಗಳಲ್ಲಿ ಸ್ಥಿತಿಯು ಬದಲಾಗಿದೆ. ಹೊರಗಿನ ದ್ವೀಪಗಳಲ್ಲಿ ಅಷ್ಟಾಗಿ ಬದಲಾಗಿಲ್ಲ.

ಈಗ ಪ್ರಶ್ನೆ. ತನ್ನ ಕಣ್ಣಿಗೆ ಕಾಣದ ರಾಜಧಾನಿಯಲ್ಲಿ ತನ್ನನ್ನು ಆಳುವವರು ಏನು ಮಾಡುತ್ತಿರುವರೆಂಬುದನ್ನು ದ್ವೀಪವಾಸಿಯು ಕಿವಿಯಿಂದಲೇ ಅರಿಯಬೇಕು. ಪ್ರತ್ಯಕ್ಷವು ಅವನಿಗಿಲ್ಲ, ಅನುಮಾನಕ್ಕೆ ಬೇಕಾದ ಹೊಗೆಯೂ ಕಾಣುವುದಿಲ್ಲ, ಉಳಿದದ್ದು ಶಬ್ದಪ್ರಮಾಣವೊಂದೇ. ಆ ಶಬ್ದವನ್ನು ಆಡುವವರಾದರೋ ಇಬ್ಬರು. ಒಬ್ಬನು ಸ್ವದೇಶದ ಪ್ರಸಾರನಿಲಯದವನು; ಅವನು ಬಹುಮಟ್ಟಿಗೆ ಸರ್ಕಾರದ ಸಂಬಳವನ್ನುಣ್ಣುವವನು. ಇನ್ನೊಬ್ಬನು ಸಾವಿರಾರು ಮೈಲಿಗಳಾಚೆಯ ಆಸ್ಟ್ರೇಲಿಯದಿಂದಲೋ ನ್ಯೂಜಿಲೆಂಡಿನಿಂದಲೋ ಮಾತನಾಡುವವನು. ಅವನು ದೊಡ್ಡ ರಾಜ್ಯವೊಂದರ ಸಂಬಳವನ್ನುಣ್ಣುವವನು. ಇವರಿಬ್ಬರಲ್ಲಿ ಆಪ್ತನಾರು? ಇಬ್ಬರೂ ಆಪ್ತರಲ್ಲವೆಂದು ತಳ್ಳಿಬಿಡುವುದು ಪಟ್ಟಣದಲ್ಲಿ ಹತ್ತು ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕುಳಿತವನಿಗೆ ಸುಲಭ. ದ್ವೀಪವಾಸಿಗೆ ಅದು ಕಿವುಡುತನಕ್ಕೆ ಸಮಾನ.

ಆಪ್ತನೆಂದರೆ ಯಾರೆಂಬುದನ್ನು ನ್ಯಾಯಶಾಸ್ತ್ರದಲ್ಲಿ ವಿಚಾರಿಸಿದ್ದಾರೆ. ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದು ಗೌತಮನ ಸೂತ್ರವು ಹೇಳಿದರೆ, ವಾತ್ಸ್ಯಾಯನನ ಭಾಷ್ಯವು ಆ ಆಪ್ತನ ಲಕ್ಷಣವನ್ನು ಬಿಡಿಸುತ್ತದೆ: ವಿಷಯವನ್ನು ತಾನೇ ಸಾಕ್ಷಾತ್ತಾಗಿ ಕಂಡುಕೊಂಡವನಾಗಿರಬೇಕು, ಕಂಡದ್ದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನಾಗಿರಬೇಕು, ಆ ಇಚ್ಛೆಯ ಪ್ರೇರಣೆಯಿಂದಲೇ ಮಾತನಾಡುವವನಾಗಿರಬೇಕು. ಭಾಷ್ಯಕಾರನು ಇಷ್ಟಕ್ಕೇ ನಿಲ್ಲುವುದಿಲ್ಲ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವಾದುದೆಂದು ಸೇರಿಸುತ್ತಾನೆ. ಕುಲಾಚಾರಗಳಲ್ಲಿ ಅಷ್ಟೊಂದು ಬಿಗಿಯಾಗಿದ್ದ ಕಾಲದಲ್ಲಿ, ಮಾತಿನ ಪ್ರಾಮಾಣ್ಯದ ವಿಷಯಕ್ಕೆ ಬಂದಾಗ ಆ ವಿದ್ವಾಂಸನು ಮ್ಲೇಚ್ಛನಿಗೂ ಮಣೆಯನ್ನು ಹಾಕಿದ್ದು ಸಾಮಾನ್ಯವಾದ ಸಂಗತಿಯಲ್ಲ. ಪರದೇಶದವನೆಂಬ ಒಂದೇ ಕಾರಣದಿಂದ ಒಬ್ಬನ ಮಾತನ್ನು ಅಪ್ರಮಾಣವೆಂದು ಹೇಳುವ ಮಂತ್ರಿಗಳು ಈ ಭಾಷ್ಯವನ್ನು ಓದಿದವರಲ್ಲ.

ಆದರೆ ಲಕ್ಷಣವನ್ನು ಹೇಳುವುದು ಸುಲಭ, ಲಕ್ಷ್ಯಕ್ಕೆ ಹೊಂದಿಸುವುದು ಕಷ್ಟ. ಕಾಣುವವನಿಗೆ ಹೇಳುವ ಸ್ವಾತಂತ್ರ್ಯವಿಲ್ಲದೆ, ಹೇಳುವ ಸ್ವಾತಂತ್ರ್ಯವುಳ್ಳವನಿಗೆ ಕಾಣುವ ಅವಕಾಶವಿಲ್ಲದೆ ಹೋದರೆ ಏನು ಗತಿ? ಫಿಜಿ ದೇಶದಲ್ಲಿ 2009ರ ಏಪ್ರಿಲ್ ತಿಂಗಳಲ್ಲಿ ಇದೇ ಸ್ಥಿತಿಯು ಉಂಟಾಯಿತು.

ಆ ದೇಶದ ದಂಡಿನ ಮುಖ್ಯಸ್ಥರಾಗಿದ್ದ ಬೈನಿಮರಾಮ ಎಂಬುವರು 2006ರ ಡಿಸೆಂಬರಿನಲ್ಲಿ ಚುನಾಯಿತ ಸರ್ಕಾರವನ್ನು ಕಿತ್ತುಹಾಕಿ ಅಧಿಕಾರವನ್ನು ವಹಿಸಿಕೊಂಡಿದ್ದರು. 2009ರ ಏಪ್ರಿಲ್ 9ರಂದು ಅಲ್ಲಿಯ ಅಪೀಲು ನ್ಯಾಯಾಲಯವು ಆ ಸರ್ಕಾರವು ಕಾನೂನಿಗೆ ವಿರುದ್ಧವಾದುದೆಂದು ತೀರ್ಪನ್ನು ಕೊಟ್ಟಿತು. ಮರುದಿನ, ಕ್ರೈಸ್ತರಿಗೆ ಪವಿತ್ರವಾದ ಶುಕ್ರವಾರ, ರಾಷ್ಟ್ರಾಧ್ಯಕ್ಷರು ರಾಜ್ಯಾಂಗವನ್ನೇ ರದ್ದುಗೊಳಿಸಿ ನ್ಯಾಯಾಧೀಶರೆಲ್ಲರನ್ನೂ ವಜಾ ಮಾಡಿದರು. ತುರ್ತು ನಿಬಂಧನೆಗಳು ಹೊರಟವು. ಪತ್ರಿಕಾಲಯಗಳಿಗೂ ಪ್ರಸಾರನಿಲಯಗಳಿಗೂ ಸೆನ್ಸಾರ್ ಅಧಿಕಾರಿಗಳು ಪೋಲೀಸರೊಡನೆ ಬಂದು ಕುಳಿತರು. ಓದಬೇಕಾದ ವಾರ್ತೆಯನ್ನು ಮೊದಲು ಅವರಿಗೆ ತೋರಿಸಿ, ಅವರು ಬಿಟ್ಟದ್ದನ್ನು ಮಾತ್ರ ಓದಬೇಕಾಯಿತು. ಭಾನುವಾರದ ಪತ್ರಿಕೆಯೊಂದು ಸೆನ್ಸಾರಿಗೆ ಆಹುತಿಯಾದ ಕಡೆಗಳಲ್ಲಿ ಬಿಳಿಯ ಕಾಗದವನ್ನೇ ಅಚ್ಚುಹಾಕಿತು. ಇನ್ನೊಂದು ಪತ್ರಿಕೆಯವರು ಹಾಸ್ಯಪ್ರಿಯರು. ಒಬ್ಬ ಮನುಷ್ಯನು ಬಸ್ಸು ಹತ್ತಿದನೆಂದೂ, ಬಳಿದ ಬಣ್ಣವು ಒಣಗಿತೆಂದೂ ಗಂಭೀರವಾದ ತಲೆಬರಹಗಳೊಡನೆ ವರದಿಗಳನ್ನು ಪ್ರಕಟಿಸಿದರು. ಸೆನ್ಸಾರ್ ಅಧಿಕಾರಿಯು ಅವುಗಳಲ್ಲಿ ಹೊಡೆದುಹಾಕುವುದಕ್ಕೆ ಏನನ್ನು ತಾನೆ ಕಂಡಾನು?

ಪತ್ರಿಕೆಯು ಖಾಲಿಯ ಜಾಗವನ್ನು ತೋರಿಸಬಲ್ಲದು. ಖಾಲಿಯನ್ನು ಕಂಡ ಓದುಗನು ಅಲ್ಲೇನೋ ಇದ್ದಿರಬೇಕೆಂದು ಊಹಿಸಬಲ್ಲನು. ರೇಡಿಯೋವಿಗೆ ಈ ಉಪಾಯವಿಲ್ಲ. ಹತ್ತು ವಾರ್ತೆಗಳಲ್ಲಿ ಆರನ್ನು ಕಿತ್ತರೆ ಉಳಿದ ನಾಲ್ಕು ಒಂದಕ್ಕೊಂದು ಕೂಡಿಕೊಂಡು, ಹೇಳಬೇಕಾದುದೆಲ್ಲ ಇಷ್ಟೇ ಎಂಬಂತೆ ಕೇಳಿಸುತ್ತವೆ. ಕಣ್ಣಿಗೆ ಶೂನ್ಯವು ಕಾಣುತ್ತದೆ, ಕಿವಿಗೆ ಶೂನ್ಯವು ಕೇಳಿಸುವುದಿಲ್ಲ. ಆದುದರಿಂದ ಪ್ರಸಾರನಿಲಯದ ಬಾಯನ್ನು ಕಟ್ಟುವುದು ಪತ್ರಿಕೆಯ ಕೈಯನ್ನು ಕಟ್ಟುವುದಕ್ಕಿಂತ ಹೆಚ್ಚು ನಿಶ್ಶಬ್ದವಾದ ಕೆಲಸ, ಹೆಚ್ಚು ಪೂರ್ಣವಾದ ಕೆಲಸ.

ಆ ವಾರದಲ್ಲಿ ಫಿಜಿಗೆ ಬಂದಿದ್ದ ಪರದೇಶದ ವರದಿಗಾರರಲ್ಲಿ ಆಸ್ಟ್ರೇಲಿಯದ ಪ್ರಸಾರಸಂಸ್ಥೆಯ ಶಾನ್ ಡಾರ್ನಿ ಎಂಬುವರೊಬ್ಬರು. ಅವರನ್ನು ದೇಶದಿಂದ ಹೊರಕ್ಕೆ ಕಳುಹಿಸಿದರು. ಇವರ ಪೂರ್ವವೃತ್ತಾಂತವೂ ಈ ಚರ್ಚೆಗೆ ಸಂಬಂಧಪಟ್ಟದ್ದೇ. ಅವರು ಪಾಪುವ ನ್ಯೂಗಿನಿಯಲ್ಲಿ ದೀರ್ಘಕಾಲವಿದ್ದು, ಅಲ್ಲಿಯ ಹೆಣ್ಣನ್ನೇ ಮದುವೆಯಾಗಿ, ಅಲ್ಲಿಯ ರಾಷ್ಟ್ರೀಯ ರಗ್ಬಿ ತಂಡದ ನಾಯಕರೂ ಆಗಿದ್ದವರು. ಗಡಿಯಾಚೆಯ ಬಂಡಾಯಗಾರರ ನಾಯಕನೊಬ್ಬನ ಸಂದರ್ಶನದ ಕಾರಣದಿಂದ 1984ರಲ್ಲಿ ಆ ದೇಶದವರೂ ಅವರನ್ನು ಹೊರಗೆ ಹಾಕಿದ್ದರು. ಅನಂತರ ಮರಳಿ ಬರಗೊಟ್ಟದ್ದಲ್ಲದೆ, ಪ್ರಸಾರಕಾರ್ಯಕ್ಕೂ ಕ್ರೀಡೆಗೂ ಸಲ್ಲಿಸಿದ ಸೇವೆಗಾಗಿ ಅವರಿಗೆ ಗೌರವವನ್ನೂ ಕೊಡಿಸಿದರು. ಹೊರಗೆ ಹಾಕಿದವರೇ ಗೌರವಿಸಬೇಕಾದರೆ, ಆ ಮನುಷ್ಯನಲ್ಲಿ ಕಂಡದ್ದನ್ನು ಕಂಡಂತೆ ಹೇಳುವ ಇಚ್ಛೆಯೊಂದು ಇದ್ದಿರಲೇಬೇಕು. ಪರದೇಶದವನಾದರೂ ಹತ್ತಾರು ವರ್ಷ ಜೊತೆಯಲ್ಲಿ ಬಾಳಿ ಕಣ್ಣನ್ನು ಸಂಪಾದಿಸಿಕೊಂಡವನು ಆಪ್ತನಾಗಬಲ್ಲನೆಂಬುದಕ್ಕೆ ಇದೊಂದು ದೃಷ್ಟಾಂತ.

ವರದಿಗಾರನನ್ನು ಕಳುಹಿಸಿದ ಬಳಿಕ ಸುವ ಮತ್ತು ನಾಂದಿ ಪಟ್ಟಣಗಳಲ್ಲಿದ್ದ ರೇಡಿಯೋ ಆಸ್ಟ್ರೇಲಿಯದ ಎರಡು ಎಫ್.ಎಂ. ಪ್ರೇಷಕಯಂತ್ರಗಳನ್ನೂ ಮುಚ್ಚಿಸಿದರು. ಆದರೆ ಹ್ರಸ್ವತರಂಗದ ಪ್ರಸಾರವನ್ನು ಮುಚ್ಚಿಸುವುದು ಅವರ ಅಳವಾಗಿರಲಿಲ್ಲ. ಹ್ರಸ್ವತರಂಗಕ್ಕೆ ದ್ವೀಪದಲ್ಲಿ ಯಂತ್ರವೇ ಬೇಡ. ದೂರದ ಖಂಡದಲ್ಲಿ ಹೊರಟ ಅಲೆಯು ಮೇಲಿನ ವಾಯುಮಂಡಲದ ವಿದ್ಯುದಾವರಣಕ್ಕೆ ತಾಗಿ ಹಿಮ್ಮರಳಿ ಸಾವಿರಾರು ಮೈಲಿಗಳಾಚೆ ಇಳಿಯುತ್ತದೆ. ನಡುವೆ ಕೀಲಿ ಹಾಕುವುದಕ್ಕೆ ಬಾಗಿಲೇ ಇಲ್ಲ. ಮನೆಯ ಮೂಲೆಯಲ್ಲಿದ್ದ ಹಳೆಯ ಪೆಟ್ಟಿಗೆಯ ತಿರುಪನ್ನು ತಿರುಗಿಸಿದವನಿಗೆ, ಸ್ವಂತ ರಾಜಧಾನಿಯ ಸುದ್ದಿಯು ಪರದೇಶದಿಂದ ಕೇಳಿಬರುತ್ತಿತ್ತು.

ಇಷ್ಟನ್ನು ಕೇಳಿದ ವಾಚಕರು ಸರ್ಕಾರದವರ ಪಕ್ಷದಲ್ಲಿ ಹೇಳುವುದೇನೂ ಇಲ್ಲವೆಂದು ತೀರ್ಮಾನಿಸಬಾರದು. ಪೂರ್ವಪಕ್ಷವನ್ನು ಬಲವಾಗಿ ನಿಲ್ಲಿಸದೆ ಸಿದ್ಧಾಂತಕ್ಕೆ ಹೋಗುವುದು ಶಾಸ್ತ್ರದ ಮರ್ಯಾದೆಯಲ್ಲ. ಅವರ ವಾದವಿದು: ಫಿಜಿಯು ಒಂಬತ್ತು ಲಕ್ಷ ಜನರ ಚಿಕ್ಕ ದೇಶ, ಅಲ್ಲಿ ಮೂಲನಿವಾಸಿಗಳೂ, 1879ರಿಂದ 1916ರವರೆಗೆ ಕಬ್ಬಿನ ತೋಟಗಳ ಕರಾರು ಕೂಲಿಗಳಾಗಿ ಭರತಖಂಡದಿಂದ ಹೋದವರ ಸಂತಾನದವರೂ ಇದ್ದಾರೆ, ಇವರೊಳಗಿನ ವೈಮನಸ್ಯವು ಒಣಹುಲ್ಲಿನಂತಿದೆ, ವಾರ್ತೆಯ ಒಂದು ಕಿಡಿಯು ಸಾಕು. ಇದು ಬರಿಯ ನೆಪವಲ್ಲ. 2000ದ ಮೇ ತಿಂಗಳಲ್ಲಿ ಜಾರ್ಜ್ ಸ್ಪೈಟ್ ಎಂಬುವನು ಪ್ರಧಾನಮಂತ್ರಿಯನ್ನೂ ಪಾರ್ಲಿಮೆಂಟಿನ ಸದಸ್ಯರನ್ನೂ ಸೆರೆಯಲ್ಲಿಟ್ಟುಕೊಂಡು ಐವತ್ತಾರು ದಿನ ಕುಳಿತಿದ್ದನಷ್ಟೆ. ಮೇ 28ರ ರಾತ್ರಿ ಅಲ್ಲಿಯ ದೂರದರ್ಶನದಲ್ಲಿ ವಿಚಾರವಂತನೊಬ್ಬನು ಸ್ಪೈಟನನ್ನು ಖಂಡಿಸಿ ಮಾತನಾಡಿದನು. ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಮಾತು ಮುಗಿದ ಸ್ವಲ್ಪ ಹೊತ್ತಿಗೆಲ್ಲ ಸ್ಪೈಟನ ಕಡೆಯ ಗುಂಪು ನಿಲಯಕ್ಕೆ ನುಗ್ಗಿ ಯಂತ್ರಗಳನ್ನು ಪುಡಿಮಾಡಿತು; ಅದೇ ರಾತ್ರಿಯ ಗಲಭೆಯಲ್ಲಿ ಒಬ್ಬ ಪೋಲೀಸಿನವನು ಗುಂಡಿಗೆ ಬಲಿಯಾದನು. ಸುವದಲ್ಲಿರುವ ವಿಶ್ವವಿದ್ಯಾಲಯದವರು ಆ ಸಂಭಾಷಣೆಯ ಪ್ರತಿಯನ್ನು ಪ್ರಕಟಿಸಿದ ತಮ್ಮ ವಿದ್ಯಾರ್ಥಿಗಳ ವಾರ್ತಾಪುಟವನ್ನು ಕೂಡಲೇ ಮುಚ್ಚಿದರು. ಅವರನ್ನು ಹೇಡಿಗಳೆಂದು ಕರೆಯುವ ಮೊದಲು, ಆ ಗುಂಪು ತಮ್ಮ ಮಕ್ಕಳಿರುವ ಕಡೆಗೆ ತಿರುಗಿದ್ದರೆ ಏನು ಮಾಡುತ್ತಿದ್ದೆವೆಂದು ಮಕ್ಕಳುಳ್ಳವರು ಕೇಳಿಕೊಳ್ಳಬೇಕು.

ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಹೇಳುವ ಕೌಶಿಕನ ಕಥೆಯು ಈ ಪಕ್ಷಕ್ಕೆ ಆಧಾರವಾಗಿ ಒದಗುತ್ತದೆ. ಸತ್ಯವನ್ನೇ ನುಡಿಯುವೆನೆಂದು ವ್ರತವನ್ನು ಹಿಡಿದ ಬ್ರಾಹ್ಮಣನವನು. ದರೋಡೆಗಾರರಿಗೆ ಹೆದರಿದ ಜನರು ಅವನ ಮುಂದೆಯೇ ಓಡಿ ಕಾಡಿನಲ್ಲಿ ಅಡಗಿದರು. ಬೆನ್ನಟ್ಟಿ ಬಂದವರು ಕೇಳಲಾಗಿ, ಕೌಶಿಕನು ಇದ್ದುದನ್ನು ಇದ್ದಂತೆ ಹೇಳಿದನು. ಅಡಗಿದವರು ಸತ್ತರು, ಕೌಶಿಕನು ನರಕಕ್ಕೆ ಹೋದನು. ಕಂಸನಿಗೆ ಅಶರೀರವಾಣಿಯು ಹೇಳಿದ್ದಾದರೂ ಸತ್ಯವೇ ಅಲ್ಲವೆ? ಆ ಸತ್ಯದಿಂದ ದೇವಕಿಯ ಹಸುಗೂಸುಗಳು ಎಷ್ಟು ಹೋದವು! ಅಶರೀರವಾಣಿಯು ಆ ಮಾತನ್ನು ಏಕೆ ಆಡಿತೆಂಬುದಕ್ಕೆ ಪೌರಾಣಿಕರು ಸಮಾಧಾನವನ್ನು ಹೇಳುತ್ತಾರೆ. ಮಕ್ಕಳನ್ನು ಕಳೆದುಕೊಂಡ ತಾಯಿಗೆ ಆ ಸಮಾಧಾನವು ಸಾಲುವುದೇ ಎಂಬುದು ಬೇರೆ ಮಾತು.

ಹಾಗಾದರೆ ಕೌಶಿಕನ ಕಥೆಯಿಂದ ಸೆನ್ಸಾರ್ ಅಧಿಕಾರಿಯ ಕತ್ತರಿಯು ಧರ್ಮವೆಂದು ಸಿದ್ಧಿಸುವುದೇ? ಕಥೆಯನ್ನು ಇನ್ನೊಮ್ಮೆ ನೋಡಬೇಕು. ಕೌಶಿಕನ ಬಳಿಗೆ ಬಂದು ಕೇಳಿದವರು ಬಲಿಷ್ಠರು. ಅವರು ಕೇಳಿದ್ದು ದುರ್ಬಲರ ಅಡಗುತಾಣವನ್ನು. ಸುವದಲ್ಲಿ ಕೇಳಿದವರು ಪ್ರಜೆಗಳು. ಅವರು ಕೇಳಿದ್ದು ನಿನ್ನೆಯವರೆಗೆ ಇದ್ದ ರಾಜ್ಯಾಂಗವು ಎಲ್ಲಿ ಹೋಯಿತೆಂಬುದನ್ನು. ಕೌಶಿಕನು ಮೌನವಾಗಿದ್ದರೆ ಜೀವಗಳು ಉಳಿಯುತ್ತಿದ್ದವು. ಇಲ್ಲಿ ಮೌನದಿಂದ ಉಳಿಯುವುದು ಪದವಿ. ಒಂದೇ ಮೌನವು ಒಂದು ಕಡೆ ಕರುಣೆಯೂ ಇನ್ನೊಂದು ಕಡೆ ಕಳ್ಳತನವೂ ಆಗುವುದು ಹೀಗೆ. ಮೌನವನ್ನು ವಿಧಿಸುವವನೇ ಮೌನದ ಲಾಭವನ್ನು ಪಡೆಯುವವನಾದಾಗ, ಅವನು ಹೇಳುವ ಲೋಕಹಿತದ ಮಾತನ್ನು ಒರೆಗೆ ಹಚ್ಚದೆ ಒಪ್ಪಕೂಡದು. ಸ್ಪೈಟನ ಕಾಲದಲ್ಲಿ ಬಾಯಿ ಮುಚ್ಚಿದವರ ಹೆದರಿಕೆಯು ನಿಜವಾದುದು. 2009ರಲ್ಲಿ ಬಾಯಿ ಮುಚ್ಚಿಸಿದವರ ಕೈಯಲ್ಲಿಯೇ ದಂಡು ಇತ್ತು, ಅವರು ಹೆದರಬೇಕಾದ ಗುಂಪು ಬೀದಿಯಲ್ಲಿರಲಿಲ್ಲ. ತುರ್ತು ನಿಬಂಧನೆಗಳು 2012ರ ಜನವರಿಯವರೆಗೆ ನಡೆದವು. 2010ರಲ್ಲಿ ಮಾಡಿದ ಪತ್ರಿಕಾಶಾಸನವು ರದ್ದಾದದ್ದು 2023ರ ಏಪ್ರಿಲಿನಲ್ಲಿ. ಒಂದು ರಾತ್ರಿಯ ಕಿಡಿಗೆ ಹೆದರಿ ಹದಿಮೂರು ವರ್ಷ ದೀಪವನ್ನೇ ತಗ್ಗಿಸಿಡುವುದು ಎಚ್ಚರಿಕೆಯ ಮೇರೆಯನ್ನು ಮೀರಿದ್ದು.

ಇನ್ನು ಪರದೇಶದ ವಾಣಿಯ ಗುಣದೋಷ. ಅದರ ಮೇಲೆ ದ್ವೀಪದವರ ದೂರುಗಳು ಹಳೆಯವು, ನ್ಯಾಯವಾದುವೂ ಉಂಟು. ದೊಡ್ಡ ರಾಜ್ಯದ ವಾರ್ತಾಸಂಸ್ಥೆಗೆ ದ್ವೀಪವು ಕಣ್ಣಿಗೆ ಬೀಳುವುದು ಚಂಡಮಾರುತವೆದ್ದಾಗ, ದಂಡು ಅರಮನೆಗೆ ನುಗ್ಗಿದಾಗ. ನಡುವಣ ಹತ್ತು ವರ್ಷಗಳ ಶಾಂತಿ, ಶಾಲೆ, ಮೀನುಗಾರಿಕೆ, ಪಂಚಾಯಿತಿಯ ಜಗಳ, ಇವು ವಾರ್ತೆಯಲ್ಲ. ಇದಕ್ಕಿಂತ ಸೂಕ್ಷ್ಮವಾದ ತೊಡಕು ನೌರು ದ್ವೀಪದಲ್ಲಿದೆ. ಇಪ್ಪತ್ತೊಂದು ಚದರ ಕಿಲೋಮೀಟರಿನ ಆ ರಾಜ್ಯದಲ್ಲಿ, ದೋಣಿಗಳಲ್ಲಿ ಬಂದು ಆಶ್ರಯ ಬೇಡಿದವರನ್ನು ಆಸ್ಟ್ರೇಲಿಯದ ಸರ್ಕಾರವು 2012ರಿಂದ ಮತ್ತೆ ಇರಿಸತೊಡಗಿತು. 2014ರಲ್ಲಿ ನೌರುವಿನವರು ಪರದೇಶದ ವರದಿಗಾರನ ಪ್ರವೇಶಶುಲ್ಕವನ್ನು 200 ಡಾಲರುಗಳಿಂದ 8,000 ಡಾಲರುಗಳಿಗೆ ಏರಿಸಿದರು. ಅನುಮತಿ ಸಿಕ್ಕದಿದ್ದರೂ ಹಣವು ಮರಳುವುದಿಲ್ಲ. 2018ರಲ್ಲಿ ದ್ವೀಪರಾಷ್ಟ್ರಗಳ ಸಮ್ಮೇಳನವು ಅಲ್ಲಿಯೇ ಸೇರಿದಾಗ ಆಸ್ಟ್ರೇಲಿಯದ ಸಾರ್ವಜನಿಕ ಪ್ರಸಾರಸಂಸ್ಥೆಗೆ ಪ್ರವೇಶವನ್ನೇ ನಿಷೇಧಿಸಿದರು. ಬಾಗಿಲು ಹಾಕಿದವನು ಚಿಕ್ಕವನು, ನಿಜ. ಆದರೆ ಆ ಬಾಗಿಲಿನ ಹಿಂದೆ ಇದ್ದದ್ದು ದೊಡ್ಡವನ ಗುಟ್ಟು. ವರದಿಗಾರರನ್ನು ತಡೆಯುವ ಚಿಕ್ಕ ರಾಜ್ಯವನ್ನು ನಿಂದಿಸುವಾಗ, ಆ ತಡೆಯಿಂದ ಯಾರ ಮುಖವು ಉಳಿಯಿತೆಂಬುದನ್ನೂ ಕೇಳಬೇಕಲ್ಲವೆ? ಆದರೂ ಪರದೇಶದ ವಾಣಿಯ ಪಕ್ಷದಲ್ಲಿ ಒಂದು ಮಾತನ್ನು ಹೇಳಲೇಬೇಕು: ಆ ನಿಷೇಧಕ್ಕೆ ಗುರಿಯಾದ ಸಂಸ್ಥೆಯು ತನ್ನ ಸ್ವಂತ ಸರ್ಕಾರಕ್ಕೆ ಮುಜುಗರವಾಗುವ ವಾರ್ತೆಗಳನ್ನೂ ಹೇಳುತ್ತಿದ್ದ ಸಂಸ್ಥೆಯೇ.

ಪರದೇಶದ ವಾಣಿಯ ನಿಜವಾದ ಅಪರಾಧವು ಬೇರೆಡೆಯಲ್ಲಿದೆ. ಅದು ತಪ್ಪು ಮಾತನಾಡಿದ್ದಲ್ಲ, ಮಾತನ್ನು ನಿಲ್ಲಿಸಿದ್ದು. ರೇಡಿಯೋ ಆಸ್ಟ್ರೇಲಿಯವು ಹ್ರಸ್ವತರಂಗದಲ್ಲಿ ಮಾತನಾಡತೊಡಗಿದ್ದು 1939ರ ಡಿಸೆಂಬರಿನಲ್ಲಿ, ಯುದ್ಧವು ಆರಂಭವಾದ ಕೆಲವು ತಿಂಗಳುಗಳಲ್ಲಿ. 2017ರ ಜನವರಿ 31ರಂದು ಆ ಪ್ರಸಾರವನ್ನು ನಿಲ್ಲಿಸಿದರು. ಹಳೆಯ ಯಂತ್ರವಿದ್ಯೆ, ಕೇಳುವವರು ಕಡಿಮೆ, ಸುಮಾರು 19 ಲಕ್ಷ ಡಾಲರುಗಳು ಉಳಿಯುತ್ತವೆ ಎಂಬುವು ಕಾರಣಗಳು. ಇದಕ್ಕೆ ಎರಡು ವರ್ಷಗಳ ಹಿಂದೆಯಷ್ಟೇ, 2015ರ ಮಾರ್ಚಿಯಲ್ಲಿ, ‘ಪ್ಯಾಮ್’ ಎಂಬ ಚಂಡಮಾರುತವು ವನುವಾಟುವನ್ನು ಅಪ್ಪಳಿಸಿ ಹೊರದ್ವೀಪಗಳ ದೂರವಾಣಿಗಳನ್ನೆಲ್ಲ ಮೂಕಗೊಳಿಸಿತ್ತು. ಆ ದೇಶದ ಪ್ರಧಾನಮಂತ್ರಿಗಳು ಈ ನಿಲುಗಡೆಗೆ ತಮ್ಮ ಅಸಮಾಧಾನವನ್ನು ತಿಳಿಸಿದರು. ಬಿಟ್ಟುಹೋದ ತರಂಗಗಳಲ್ಲಿ ಕೆಲವನ್ನು ಮುಂದೆ ಚೀನದ ಪ್ರಸಾರಸಂಸ್ಥೆಯವರು ಹಿಡಿದುಕೊಂಡರೆಂಬುದು 2018ರಲ್ಲಿ ಬೆಳಕಿಗೆ ಬಂದಾಗ ಆಸ್ಟ್ರೇಲಿಯದಲ್ಲಿ ಗದ್ದಲವಾಯಿತು. ಗದ್ದಲವಾದದ್ದು ಚೀನದವರು ಬಂದರೆಂದು; ಕೇಳುಗನ ಕಿವಿಯು ಬರಿದಾಯಿತೆಂದು ಅಷ್ಟಾಗಿ ಅಲ್ಲ.

ದಾನವನ್ನು ಕೊಡದೆ ಇರುವುದು ಒಂದು. ಕೊಡುತ್ತ ಬಂದು, ಪಡೆಯುವವನು ಬೇರೆ ಉಪಾಯವನ್ನು ಮರೆತ ಮೇಲೆ ನಿಲ್ಲಿಸುವುದು ಇನ್ನೊಂದು. ಅರವಟ್ಟಿಗೆಯನ್ನು ಇಟ್ಟವನು ನಡುಬೇಸಗೆಯಲ್ಲಿ ಖರ್ಚಿನ ಲೆಕ್ಕವನ್ನು ತೆಗೆದು ಮಡಕೆಗಳನ್ನು ಒಳಗೆ ಸಾಗಿಸಿದರೆ, ದಾರಿಹೋಕನು ಅವನ ಮೇಲೆ ದಾವೆ ಹೂಡಲಾರನು. ಆದರೆ ಆ ದಾರಿಯಲ್ಲಿ ನೀರನ್ನು ನಂಬಿ ಬುತ್ತಿಯನ್ನಷ್ಟೇ ಕಟ್ಟಿಕೊಂಡು ಹೊರಟವನ ದಾಹಕ್ಕೆ ಹೊಣೆಯಾರು? ಆಪ್ತನ ಲಕ್ಷಣದಲ್ಲಿ ಭಾಷ್ಯಕಾರನು ಹೇಳದ ಒಂದು ಅಂಶವು ಇಲ್ಲಿ ಕಾಣುತ್ತದೆ. ಪ್ರತಿದಿನವೂ ಮಾತನಾಡುವ ಆಪ್ತನು ನಾಳೆಯೂ ಮಾತನಾಡುವೆನೆಂಬ ಭಾಷೆಯನ್ನು ಬಾಯಲ್ಲಿ ಆಡದೆಯೇ ಕೊಟ್ಟಿರುತ್ತಾನೆ.

ನ್ಯೂಜಿಲೆಂಡಿನವರು ಈ ಭಾಷೆಯನ್ನು ಹೆಚ್ಚು ಕಾಲ ಉಳಿಸಿಕೊಂಡರೆಂದು ಹೇಳಬೇಕು. 1948ರಲ್ಲಿ ಅವರು ಆರಂಭಿಸಿದ ಹ್ರಸ್ವತರಂಗದ ಪ್ರಸಾರವು, 1990ರಲ್ಲಿ ರಂಗಿಟೈಕಿ ಎಂಬಲ್ಲಿಯ ಹೊಸ ಯಂತ್ರದೊಡನೆ ಚುರುಕಾಗಿ, ಶಾಂತಸಾಗರದ ರಾಜಕಾರಣವನ್ನೂ ಹವೆಯನ್ನೂ ಅಲ್ಲಿಯ ಜನರಿಗೇ ತಿಳಿಸುತ್ತ ಬಂದಿದೆ. 2022ರ ಜನವರಿ 15ರಂದು ಟೋಂಗದ ಬಳಿ ಕಡಲೊಳಗಿನ ಅಗ್ನಿಪರ್ವತವು ಸಿಡಿದು ಸಮುದ್ರದಡಿಯ ತಂತಿಯು ಕಡಿದುಹೋದಾಗ, ಮುಖ್ಯದ್ವೀಪಕ್ಕೇ ಐದು ವಾರಗಳ ಕಾಲ ಆ ಸಂಪರ್ಕವಿರಲಿಲ್ಲ. ಹಳೆಯ ಯಂತ್ರವಿದ್ಯೆಯೆಂದು ಮೂಲೆಗೆ ಸೇರಿದ್ದ ಹ್ರಸ್ವತರಂಗವು ಆಗಲೂ ಆಕಾಶದ ದಾರಿಯಲ್ಲಿಯೇ ಹೋಗಿ ಬರುತ್ತಿತ್ತು. ಅದೇ ವರ್ಷ ಹೊಸ ಪ್ರೇಷಕಯಂತ್ರಕ್ಕೆ ಹಣವನ್ನು ಮಂಜೂರು ಮಾಡಿದರು.

ಆಕಾಶದ ಮಾತು ಬಂದುದರಿಂದ ಒಂದು ಸಣ್ಣ ಉಪಾಖ್ಯಾನ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರಯಂತ್ರವನ್ನಿಟ್ಟು ಆರಂಭಿಸಿದ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಿತು. ಮುಂದೆ ಅದೇ ದೇಶದ ಪ್ರಸಾರಕ್ಕೆಲ್ಲ ಹೆಸರಾಯಿತು. ಹೆಸರು ಇಂಪಾದುದು, ಆದರೆ ಅದರಲ್ಲಿ ಒಂದು ಅಪಾಯವುಂಟು. ಪುರಾಣದ ಆಕಾಶವಾಣಿಗೆ ಶರೀರವಿಲ್ಲ; ಶರೀರವಿಲ್ಲದ್ದಕ್ಕೆ ಹೊಟ್ಟೆಯಿಲ್ಲ, ಸಂಬಳವಿಲ್ಲ, ಒಡೆಯನಿಲ್ಲ. ಯಂತ್ರದ ಆಕಾಶವಾಣಿಗೆ ಇವೆಲ್ಲವೂ ಇದ್ದು, ಕೇಳುವವನಿಗೆ ಕಾಣುವುದಿಲ್ಲ, ಅಷ್ಟೆ.

ಆದುದರಿಂದ ದ್ವೀಪವಾಸಿಯು ಯಾವ ಮತವನ್ನು ಹಿಡಿಯಬೇಕು? ಜ್ಞಾನದ ಪ್ರಾಮಾಣ್ಯದ ವಿಷಯದಲ್ಲಿ ಮೀಮಾಂಸಕರಿಗೂ ನೈಯಾಯಿಕರಿಗೂ ಹಳೆಯ ವಾದವಿದೆ. ಹುಟ್ಟಿದ ಜ್ಞಾನವು ತಾನಾಗಿಯೇ ಪ್ರಮಾಣ, ಬಾಧಕವು ಕಂಡರೆ ಆಗ ಬಿಡತಕ್ಕದ್ದು ಎಂದು ಮೀಮಾಂಸಕರು. ಪ್ರಾಮಾಣ್ಯವು ಬೇರೊಂದರಿಂದಲೇ ನಿಶ್ಚಯವಾಗಬೇಕೆಂದು ನೈಯಾಯಿಕರು. ಮನೆಯೊಳಗಿನ ಮಾತಿಗೆ ಮೀಮಾಂಸಕರ ಪಕ್ಷವೇ ಸರಿ. ಹೆಂಡತಿಯು ಅನ್ನವಾಗಿದೆಯೆಂದರೆ ಯಾರೂ ಎರಡನೆಯ ಸಾಕ್ಷಿಯನ್ನು ಕೇಳುವುದಿಲ್ಲ. ಸಾಲೊಮನ್ ದ್ವೀಪದವನೂ ಹಡಗು ಮಂಗಳವಾರ ಬರುತ್ತದೆಂದು ತನ್ನ ರೇಡಿಯೋ ಹೇಳಿದರೆ ಮೂಟೆಯನ್ನು ಕಟ್ಟುತ್ತಾನೆ. ದೊಡ್ಡಪ್ಪನು ತೀರಿಕೊಂಡನೆಂದು ಹೇಳಿದರೆ ಅಳುತ್ತಾನೆ. ಆದರೆ ಅರಸರ ಮಾತು ಬಂದ ಕೂಡಲೆ ಅವನು ನೈಯಾಯಿಕನಾಗಬೇಕಾಗುತ್ತದೆ. ಒಂದು ವಾಣಿಯನ್ನು ಇನ್ನೊಂದರೊಡನೆ ಹೊಂದಿಸಿ ನೋಡಬೇಕಾಗುತ್ತದೆ. ಅದಕ್ಕೆ ಎರಡು ವಾಣಿಗಳಿರಬೇಕು. ಸ್ವದೇಶದವನ ಕಣ್ಣನ್ನು ಪರದೇಶದವನು ತರಲಾರನು. ಪರದೇಶದವನ ನಾಲಗೆಯನ್ನು ಸ್ವದೇಶದವನಿಗೆ ಕೊಡಿಸುವುದು ಕಷ್ಟ. ಒಂದನ್ನು ಕತ್ತರಿಯಿಂದಲೂ ಇನ್ನೊಂದನ್ನು ಜಮಾಖರ್ಚಿನಿಂದಲೂ ಕೊಂದರೆ, ಫಲವು ಕೇಳುವವನಿಗೆ ಒಂದೇ.

ಸಾಲೊಮನ್ ದ್ವೀಪಗಳ ಸರ್ಕಾರವು 2022ರ ಏಪ್ರಿಲಿನಲ್ಲಿ ಚೀನದೊಡನೆ ರಕ್ಷಣೆಯ ಒಪ್ಪಂದವನ್ನು ಮಾಡಿಕೊಂಡಿತು. ಆ ಕರಡಿನ ಸುದ್ದಿಯು ಹಿಂದಿನ ತಿಂಗಳು ಹೊರಬಿದ್ದದ್ದು ಸೋರಿಕೆಯಿಂದ. ಬಳಿಕ ಅದೇ ವರ್ಷದ ನಡುವಿನಲ್ಲಿ ರಾಷ್ಟ್ರೀಯ ಪ್ರಸಾರನಿಲಯವನ್ನು ಸರ್ಕಾರದ ನೇರವಾದ ಹತೋಟಿಗೆ ತಂದರು. ವಾರ್ತೆಗಳನ್ನು ಓದುವ ಮುನ್ನ ಅಧಿಕಾರಿಗಳು ಪರಿಶೀಲಿಸುವರೆಂದು ವರ್ತಮಾನವು ಹಬ್ಬಿತು. ಹಾಗೇನೂ ಇಲ್ಲ, ಸುಳ್ಳಿನಿಂದ ಪ್ರಜೆಗಳನ್ನು ಕಾಪಾಡುವುದಷ್ಟೇ ಉದ್ದೇಶವೆಂದು ಸರ್ಕಾರದವರು ಸಾರಿದರು. ಈ ವರ್ತಮಾನವನ್ನೂ ಈ ನಿರಾಕರಣೆಯನ್ನೂ ಒಂದೇ ಸಂಜೆ ಕೇಳಿಸಿಕೊಂಡ ಹೊರದ್ವೀಪದ ಗೃಹಸ್ಥನು ಮೊದಲು ಸ್ವಂತ ನಿಲಯದಲ್ಲಿ ಸತ್ತವರ ಹೆಸರುಗಳನ್ನೂ ಹಡಗಿನ ವೇಳೆಯನ್ನೂ ಕೇಳಿಕೊಂಡು, ಆಮೇಲೆ ನ್ಯೂಜಿಲೆಂಡಿನ ವಾರ್ತೆಗಾಗಿ ಪೆಟ್ಟಿಗೆಯ ತಿರುಪನ್ನು ತಿರುಗಿಸಿದ್ದರೆ, ಅವನನ್ನು ದೇಶಭಕ್ತಿಯಿಲ್ಲದವನೆಂದು ಯಾವ ಬಾಯಿಂದ ಹೇಳುವುದು?